ಮಗ್ಗದ ಊರು, ಮನೆಮಾತಿನ ಊರು

ಮೆಕ್ಸಿಕೋ ದೇಶದ ದಕ್ಷಿಣ ಭಾಗದಲ್ಲಿ ವಹಾಕಾ ಎಂಬ ರಾಜ್ಯವಿದೆ. ಅದರ ರಾಜಧಾನಿಯಾದ ವಹಾಕಾ ನಗರದಿಂದ ಪೂರ್ವಕ್ಕೆ ಸುಮಾರು 30 ಕಿಲೋಮೀಟರ್ ಸಾಗಿ, ಹೆದ್ದಾರಿಯನ್ನು ಬಿಟ್ಟು ಬೆಟ್ಟದ ಕಡೆಗೆ ತಿರುಗಿದರೆ ತೆಯೊತಿತ್ಲಾನ್ ದೆಲ್ ವಾಯೆ ಎಂಬ ಸಣ್ಣ ಊರು ಸಿಗುತ್ತದೆ. ಅಲ್ಲಿನ ಜನಸಂಖ್ಯೆ ಐದಾರು ಸಾವಿರ. ಬೀದಿಯ ಎರಡೂ ಬದಿಯ ಗೋಡೆಗಳ ಮೇಲೆ ಕೆಂಪು, ನೀಲಿ, ಹಳದಿ, ಕಂದು ಬಣ್ಣದ ಉಣ್ಣೆಯ ಜಮಖಾನೆಗಳು ತೂಗುತ್ತಿರುತ್ತವೆ. ತೆರೆದ ಬಾಗಿಲಿನೊಳಗಿಂದ ಮಗ್ಗದ ಸದ್ದು ಕೇಳಿಬರುತ್ತದೆ. ಆ ಸದ್ದಿನ ನಡುವೆ ಮನೆಯವರು ತಮ್ಮತಮ್ಮೊಳಗೆ ಆಡಿಕೊಳ್ಳುವ ಮಾತು ಆ ದೇಶದ ಕಚೇರಿ, ಶಾಲೆ, ಪತ್ರಿಕೆಗಳ ಭಾಷೆಯಾದ ಸ್ಪ್ಯಾನಿಷ್ ಅಲ್ಲ. ಅದು ಝಪೊಟೆಕ್, ಸ್ಪೇನಿನ ಹಡಗುಗಳು ಬರುವುದಕ್ಕೆ ಬಹಳ ಹಿಂದಿನಿಂದ ಆ ಕಣಿವೆಯಲ್ಲಿ ಬೇರೂರಿದ ನುಡಿ.

ಪ್ರವಾಸಿ ಬಸ್ಸುಗಳು ಈ ಊರಿನಲ್ಲಿ ಸಾಮಾನ್ಯವಾಗಿ ಒಂದು ಗಂಟೆ ನಿಲ್ಲುತ್ತವೆ. ಯಾವುದೋ ಒಂದು ಮನೆಯ ಅಂಗಳದಲ್ಲಿ ಬಣ್ಣ ಅರೆಯುವುದನ್ನು ತೋರಿಸಿ, ಮಗ್ಗವನ್ನು ನಾಲ್ಕು ಬಾರಿ ಆಡಿಸಿ, ಸರಕನ್ನು ಹರಡುತ್ತಾರೆ. ಕೊಂಡವರು ಕೊಳ್ಳುತ್ತಾರೆ, ಬಸ್ಸು ಹೊರಡುತ್ತದೆ. ಆ ಒಂದು ಗಂಟೆಯಲ್ಲಿ ಕಾಣುವುದು ಅಂಗಡಿ ಮಾತ್ರ. ಒಂದೆರಡು ದಿನ ಉಳಿದವರಿಗೆ ಊರು ಕಾಣುತ್ತದೆ. ಕುಶಲಕಲೆಯೂ ಮನೆಮಾತೂ ಒಂದೇ ಅಂಗಳದಲ್ಲಿ ಹೇಗೆ ಬೆಳೆಯುತ್ತವೆ, ಒಂದಕ್ಕೆ ಪೆಟ್ಟು ಬಿದ್ದರೆ ಇನ್ನೊಂದಕ್ಕೆ ಹೇಗೆ ನೋವಾಗುತ್ತದೆ ಎಂಬುದು ಆಗ ತಿಳಿಯುತ್ತದೆ.

ದಾರಿಯಲ್ಲೊಂದು ಮರ

ವಹಾಕಾ ನಗರದಿಂದ ಹೊರಟವರು ಹತ್ತು ಕಿಲೋಮೀಟರ್ ದಾಟುವಷ್ಟರಲ್ಲಿ ತೂಲೆ ಎಂಬ ಊರಿನಲ್ಲಿ ಇಳಿಯುವುದು ವಾಡಿಕೆ. ಅಲ್ಲಿನ ಇಗರ್ಜಿಯ ಅಂಗಳದಲ್ಲಿ ಸಾವಿರ ವರ್ಷಕ್ಕೂ ಮಿಕ್ಕಿದ ಒಂದು ಸೈಪ್ರಸ್ ಜಾತಿಯ ಮರವಿದೆ. ಅದರ ಕಾಂಡದ ಸುತ್ತಳತೆ ಸುಮಾರು 42 ಮೀಟರ್. ಜಗತ್ತಿನಲ್ಲೇ ಅತ್ಯಂತ ದಪ್ಪ ಕಾಂಡದ ಮರವೆಂದು ಇದು ಹೆಸರಾಗಿದೆ. ಹಲವು ಮರಗಳು ಕೂಡಿ ಬೆಳೆದಿರಬಹುದೆಂಬ ಅನುಮಾನ ಬಹುಕಾಲ ಇತ್ತು. ವಂಶವಾಹಿ ಪರೀಕ್ಷೆಯಿಂದ ಇದು ಒಂದೇ ಮರವೆಂದು ಖಚಿತವಾಯಿತು. ಕಾಂಡದ ಗಂಟು ಗಳಲೆಗಳಲ್ಲಿ ಆನೆ, ಮೊಸಳೆ, ಸಿಂಹಗಳ ಆಕಾರವನ್ನು ಹುಡುಕುವುದು ಅಲ್ಲಿನ ಆಟ. ಊರಿನ ಶಾಲಾಮಕ್ಕಳು ಕೈಯಲ್ಲಿ ಪುಟ್ಟ ಕನ್ನಡಿ ಹಿಡಿದು, ಬಿಸಿಲ ಕೋಲನ್ನು ಕಾಂಡದ ಮೇಲೆ ಬೀಳಿಸಿ ಆ ಆಕಾರಗಳನ್ನು ಒಂದೊಂದಾಗಿ ತೋರಿಸುವುದುಂಟು. ಮಕ್ಕಳನ್ನು ಕರೆದುಕೊಂಡು ಹೋದವರಿಗೆ ಪ್ರವಾಸದ ಒಳ್ಳೆಯ ಆರಂಭವಿದು.

ಅಲ್ಲಿಂದ ಮುಂದೆ ಬಸ್ಸಿನಲ್ಲಿ ಅಥವಾ ಹಲವರು ಹಂಚಿಕೊಳ್ಳುವ ಬಾಡಿಗೆ ಕಾರಿನಲ್ಲಿ ತೆಯೊತಿತ್ಲಾನಿನ ಕೂಡುರಸ್ತೆಗೆ ಬರಬಹುದು. ವಹಾಕಾ ಪ್ರದೇಶದ ಹಳ್ಳಿದಾರಿಗಳಲ್ಲಿ ಓಡುವ ಮೂರು ಚಕ್ರದ ಗಾಡಿಗಳನ್ನು ಕಂಡು ಭಾರತೀಯರು ಮುಗುಳ್ನಗುತ್ತಾರೆ. ಅವುಗಳಲ್ಲಿ ಅನೇಕವು ಭಾರತದ ಬಜಾಜ್ ತಯಾರಿಕೆಯ ಆಟೋರಿಕ್ಷಾಗಳೇ.

ಮಗ್ಗದ ಮುಂದೆ

ಊರಿಗೆ ಬಂದವರು ಮೊದಲು ಮಾಡಬೇಕಾದ ಕೆಲಸ, ಕೊಳ್ಳುವ ಆತುರವಿಲ್ಲದೆ ಒಂದು ಮಗ್ಗದ ಮನೆಯಲ್ಲಿ ಅರ್ಧ ದಿನ ಕುಳಿತುಕೊಳ್ಳುವುದು. ಹಲವು ಕುಟುಂಬಗಳು ಮುಂಚಿತವಾಗಿ ತಿಳಿಸಿ ಬಂದವರಿಗೆ ಬಣ್ಣ ಹಾಕುವುದನ್ನೂ ನೇಯುವುದನ್ನೂ ಕಲಿಸುತ್ತವೆ. ಹೀಗೆ ಕಲಿಯಲು ಕೊಡುವ ಹಣ ನೇರವಾಗಿ ಆ ಮನೆಗೆ ಸೇರುತ್ತದೆ.

ನಮ್ಮ ಕಡೆಯ ಗುಂಡಿಮಗ್ಗದಲ್ಲಿ ನೇಕಾರ ಕುಳಿತು ನೇಯುತ್ತಾನೆ. ತೆಯೊತಿತ್ಲಾನಿನ ಮಗ್ಗ ಎತ್ತರವಾದ ಮರದ ಚೌಕಟ್ಟು; ಅದರ ಮುಂದೆ ನಿಂತೇ ಕೆಲಸ ಮಾಡಬೇಕು. ಕಾಲಿನಿಂದ ತುಳಿಮಣೆಗಳನ್ನು ಒಂದಾದ ಮೇಲೊಂದು ಒತ್ತುತ್ತಿದ್ದಂತೆ ಹಾಸಿನ ಎಳೆಗಳು ಮೇಲೆ ಕೆಳಗೆ ಬೇರ್ಪಡುತ್ತವೆ. ಒಂದೇ ಲಾಳಿಯನ್ನು ಆ ತುದಿಯಿಂದ ಈ ತುದಿಗೆ ಎಸೆದು ಮುಗಿಸುವ ನೇಯ್ಗೆ ಇದಲ್ಲ. ಒಂದೊಂದು ಬಣ್ಣಕ್ಕೂ ಒಂದೊಂದು ಕಂಡಿಕೆ ಇರುತ್ತದೆ. ಆ ಬಣ್ಣ ಎಷ್ಟು ಅಗಲಕ್ಕೆ ಬೇಕೋ ಅಷ್ಟು ಎಳೆಗಳ ನಡುವೆ ಮಾತ್ರ ಅದನ್ನು ಬೆರಳಿನಿಂದ ತೂರಿಸಿ, ಮುಂದಿನ ಬಣ್ಣವನ್ನು ಅದರ ಪಕ್ಕದಲ್ಲಿ ತೂರಿಸುತ್ತಾರೆ. ಬಳಿಕ ಹಣಿಗೆಯನ್ನು ಎಳೆದು ಬಡಿಯುತ್ತಾರೆ. ಹೊಕ್ಕು ಎಷ್ಟು ಬಿಗಿಯಾಗಿ ಕೂರುತ್ತದೆಂದರೆ ಹಾಸಿನ ದಾರ ಸಂಪೂರ್ಣ ಮರೆಯಾಗಿ, ಉಣ್ಣೆಯ ಬಣ್ಣವಷ್ಟೇ ಕಾಣುತ್ತದೆ. ಹಾಗಾಗಿ ಚಿಕ್ಕ ಜಮಖಾನೆಗೂ ಹಲವು ದಿನಗಳು ಬೇಕು; ಕೋಣೆಯ ಅಗಲದ ಜಮಖಾನೆಗೆ ತಿಂಗಳುಗಳೇ ಬೇಕು.

ಈ ಮಗ್ಗಕ್ಕೆ ಒಂದು ಇತಿಹಾಸವಿದೆ. ಸ್ಪೇನಿನವರು ಬರುವ ಮೊದಲು ಈ ಕಣಿವೆಯ ಹೆಂಗಸರು ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು, ನೆಲದ ಮೇಲೆ ಕುಳಿತು ಹತ್ತಿಯ ಬಟ್ಟೆ ನೇಯುತ್ತಿದ್ದರು. ಕಣಿವೆಯ ಊರುಗಳು ಆಜ್ಟೆಕ್ ಅರಸರಿಗೆ ಬಟ್ಟೆಯನ್ನೂ ಕೆಂಪು ಬಣ್ಣವನ್ನೂ ಕಪ್ಪವಾಗಿ ಒಪ್ಪಿಸುತ್ತಿದ್ದವು. 16ನೆಯ ಶತಮಾನದಲ್ಲಿ ಡೊಮಿನಿಕನ್ ಪಾದ್ರಿಗಳೊಂದಿಗೆ ಕುರಿಯೂ ಉಣ್ಣೆಯೂ ತುಳಿಮಗ್ಗವೂ ಬಂದವು. ಆ ಮಗ್ಗದ ಕೆಲಸ ಗಂಡಸರ ಪಾಲಾಯಿತು. ಹೀಗೆ ನಾಲ್ಕು ಶತಮಾನಗಳ ಕಾಲ ಹೆಂಗಸರು ಉಣ್ಣೆ ಹಿಂಜುವುದು, ರಾಟೆಯಲ್ಲಿ ನೂಲುವುದು, ಬಣ್ಣ ಅರೆಯುವುದು ಇಷ್ಟಕ್ಕೇ ನಿಂತರು. 1942ರಿಂದ 1964ರವರೆಗೆ ಅಮೆರಿಕ ಸಂಯುಕ್ತ ಸಂಸ್ಥಾನಗಳು ಒಪ್ಪಂದದ ಮೇರೆಗೆ ಮೆಕ್ಸಿಕೋದ ಕೂಲಿಗಳನ್ನು ಹೊಲದ ಕೆಲಸಕ್ಕೆ ಕರೆಸಿಕೊಂಡವು. ಗಂಡಸರು ಉತ್ತರಕ್ಕೆ ಹೋದ ಮನೆಗಳಲ್ಲಿ ಖಾಲಿ ನಿಂತ ಮಗ್ಗದ ಮುಂದೆ ಹೆಂಗಸರು ಬಂದು ನಿಂತರು. ಇಂದು ಊರಿನಲ್ಲಿ ಹೆಂಗಸರೇ ಕಟ್ಟಿಕೊಂಡ ನೇಕಾರಿಕೆಯ ಸಹಕಾರ ಗುಂಪುಗಳಿವೆ. ಮಧ್ಯವರ್ತಿಯ ಹಂಗಿಲ್ಲದೆ ಅವು ತಮ್ಮ ಸರಕನ್ನು ತಾವೇ ಮಾರುತ್ತವೆ. ಇವುಗಳ ಅಂಗಳಕ್ಕೆ ಹೋದವರು ನೇಯ್ಗೆಯ ಜೊತೆಗೆ ಮನೆಯ ಲೆಕ್ಕ ಬದಲಾದ ಕಥೆಯನ್ನೂ ಕೇಳಬಹುದು.

ಕಳ್ಳಿಯ ಮೇಲಿನ ಕೆಂಪು

ಊರಿನ ದೊಡ್ಡ ವಿಸ್ಮಯವೆಂದರೆ ಬಣ್ಣ. ಅದರಲ್ಲಿಯೂ ಕೆಂಪು.

ಅಂಗಳದ ಮೂಲೆಯಲ್ಲಿ ಪಾಪಾಸುಕಳ್ಳಿಯ ಚಪ್ಪಟೆ ಎಲೆಗಳನ್ನು ಸಾಲಾಗಿ ತೂಗುಹಾಕಿರುತ್ತಾರೆ. ಅವುಗಳ ಮೇಲೆ ಹಿಟ್ಟು ಉದುರಿಸಿದಂತೆ ಬಿಳಿಯ ಪುಡಿ ಅಂಟಿಕೊಂಡಿರುತ್ತದೆ. ಆ ಪುಡಿಯೊಳಗೆ ಕುಳಿತಿರುವುದು ಕೊಚಿನೀಲ್ ಎಂಬ ಸಣ್ಣ ಹುಳ. ಹೆಣ್ಣುಹುಳಕ್ಕೆ ರೆಕ್ಕೆಯಿಲ್ಲ, ಒಮ್ಮೆ ಕಳ್ಳಿಯ ರಸಕ್ಕೆ ಬಾಯಿಟ್ಟರೆ ಜೀವಮಾನವೆಲ್ಲ ಅದು ಅಲ್ಲಿಯೇ. ಇರುವೆ ಮೊದಲಾದ ಶತ್ರುಗಳಿಂದ ಕಾಪಾಡಿಕೊಳ್ಳಲು ಅದು ತನ್ನ ಮೈಯೊಳಗೆ ಕಾರ್ಮಿನಿಕ್ ಆಮ್ಲವೆಂಬ ದ್ರವ್ಯವನ್ನು ತುಂಬಿಕೊಳ್ಳುತ್ತದೆ. ಅದೇ ಬಣ್ಣ. ಹುಳವನ್ನು ಅಂಗೈಯಲ್ಲಿಟ್ಟು ಬೆರಳಿನಿಂದ ಒರೆಸಿದರೆ ಕಡುಗೆಂಪು ಗೆರೆ ಮೂಡುತ್ತದೆ. ಅರಗಿನ ಹುಳದಿಂದ ಕೆಂಪು ಬಣ್ಣ ತೆಗೆಯುತ್ತಿದ್ದ ನಮ್ಮ ನಾಡಿನವರಿಗೆ ಈ ಬಗೆ ಅಪರಿಚಿತವಲ್ಲ.

ಹುಳ ಬಲಿಯಲು ಸುಮಾರು ಮೂರು ತಿಂಗಳು ಬೇಕು. ಬಳಿಕ ಅದನ್ನು ಮೆಲ್ಲಗೆ ಕೆರೆದು ತೆಗೆದು ಒಣಗಿಸುತ್ತಾರೆ. ಒಂದು ಪೌಂಡು, ಅಂದರೆ ಅರ್ಧ ಕಿಲೋಗಿಂತ ಸ್ವಲ್ಪ ಕಡಿಮೆ ತೂಕದ ಒಣಹುಳಕ್ಕೆ ಸುಮಾರು 70,000 ಹುಳಗಳು ಬೇಕಾಗುತ್ತವೆ. ಅವನ್ನು ಅರೆಯುವ ಕಲ್ಲಿನ ಮೇಲೆ ನುಣ್ಣಗೆ ಅರೆದು ಕುದಿಯುವ ನೀರಿಗೆ ಹಾಕುತ್ತಾರೆ. ಉಣ್ಣೆಯ ಲಡಿಗಳನ್ನು ಮೊದಲೇ ಪಟಿಕದ ನೀರಿನಲ್ಲಿ ಕುದಿಸಿ ಅಣಿಮಾಡಿರುತ್ತಾರೆ. ಹಾಗೆ ಮಾಡದಿದ್ದರೆ ಬಣ್ಣ ಕಚ್ಚುವುದಿಲ್ಲ. ಮಕ್ಕಳು ಕಣ್ಣರಳಿಸಿ ನೋಡುವ ಗಳಿಗೆ ಈಗ ಬರುತ್ತದೆ. ಅಂಗೈಯ ಮೇಲಿನ ಕೆಂಪು ನೀರಿಗೆ ನಿಂಬೆಹಣ್ಣಿನ ನಾಲ್ಕು ಹನಿ ಬಿದ್ದರೆ ಅದು ಕಿತ್ತಳೆಯ ಕಡೆಗೆ ವಾಲುತ್ತದೆ. ಚಿಟಿಕೆ ಅಡುಗೆಸೋಡ ಬಿದ್ದರೆ ನೇರಳೆಗೆ ತಿರುಗುತ್ತದೆ. ಆಮ್ಲ ಮತ್ತು ಪ್ರತ್ಯಾಮ್ಲದ ಪಾಠವನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಪ್ರಯೋಗಶಾಲೆ ಕಡಿಮೆ.

ಸ್ಪೇನಿನ ಆಳ್ವಿಕೆಯ ಕಾಲದಲ್ಲಿ ಮೆಕ್ಸಿಕೋದಿಂದ ಹೊರಟ ಸರಕುಗಳಲ್ಲಿ ಬೆಳ್ಳಿಯನ್ನು ಬಿಟ್ಟರೆ ಅತ್ಯಂತ ಬೆಲೆಬಾಳುತ್ತಿದ್ದುದು ಈ ಹುಳವೇ. ಯೂರೋಪಿನ ದೊರೆಗಳ ನಿಲುವಂಗಿಯನ್ನೂ ಬ್ರಿಟಿಷ್ ಸೇನಾಧಿಕಾರಿಗಳ ಕೆಂಪು ಕೋಟನ್ನೂ ಇದೇ ಬಣ್ಣ ಕೆಂಪಾಗಿಸಿತು. ಒಣಗಿದ ಕಾಳನ್ನು ಕಂಡ ಯೂರೋಪಿನವರು ಇದು ಬೀಜವೋ ಹುಳವೋ ಎಂದು ಬಹುಕಾಲ ವಾದಿಸಿದರು. ಸೂಕ್ಷ್ಮದರ್ಶಕ ಬಂದ ಮೇಲೆಯೇ ಆ ವಾದ ಮುಗಿಯಿತು. ಜೀವಂತ ಹುಳ ದೇಶದಿಂದ ಹೊರಹೋಗದಂತೆ ಸ್ಪೇನ್ ಬಿಗಿಯಾಗಿ ಕಾವಲು ಕಾಯುತ್ತಿತ್ತು. 1777ರಲ್ಲಿ ತಿಯೆರಿ ದ ಮೆನೊನ್‌ವಿಲ್ ಎಂಬ ಫ್ರೆಂಚ್ ಸಸ್ಯಶಾಸ್ತ್ರಜ್ಞ ವಹಾಕಾವರೆಗೂ ಬಂದು, ಹುಳ ಕುಳಿತ ಕಳ್ಳಿಯನ್ನು ಗುಟ್ಟಾಗಿ ಸಾಗಿಸಿದ.

ಈ ಕಥೆಯ ಒಂದು ಎಳೆ ಭಾರತಕ್ಕೂ ಬಂದು ತಾಗಿದೆ. ಬಯಲುಸೀಮೆಯ ಹೊಲದ ಬದುಗಳಲ್ಲಿ ಬೆಳೆಯುವ ಪಾಪಾಸುಕಳ್ಳಿ ಈ ನೆಲದ ಗಿಡವಲ್ಲ. ಯೂರೋಪಿನವರ ಮೂಲಕ ಅಮೆರಿಕ ಖಂಡದಿಂದ ಬಂದದ್ದು. ಈಸ್ಟ್ ಇಂಡಿಯಾ ಕಂಪನಿ ಸ್ಪೇನಿನ ಲಾಭವನ್ನು ತಾನೂ ಪಡೆಯಬೇಕೆಂದು ಬಯಸಿತು. 1795ರಲ್ಲಿ ಬ್ರೆಜಿಲಿನಿಂದ ಕೊಚಿನೀಲ್ ಹುಳ ಭಾರತಕ್ಕೆ ಬಂತು. ಆದರೆ ಬಂದದ್ದು ಒಳ್ಳೆಯ ಬಣ್ಣ ಕೊಡುವ ಮೆಕ್ಸಿಕೋದ ಸಾಕುಜಾತಿಯಲ್ಲ, ಕಾಡುಜಾತಿ. ಅದು ಬಣ್ಣ ಕೊಡುವುದರ ಬದಲು ಒಂದು ಜಾತಿಯ ಕಳ್ಳಿಯನ್ನೇ ತಿಂದು ಹಾಕಿತು. ಕಳೆಯನ್ನು ಹುಳದಿಂದ ನಾಶಮಾಡಬಹುದೆಂಬ ಪಾಠವನ್ನು ಕೃಷಿವಿಜ್ಞಾನ ಕಲಿತದ್ದು ಈ ತಪ್ಪಿನಿಂದ. ಕಂಪನಿಯ ಹಡಗಿನಲ್ಲಿ ಹುಳ ಬಂತು. ತಲೆಮಾರುಗಳಿಂದ ಅದನ್ನು ಆರಿಸಿ ಸಾಕಿದ ಕೈಗಳ ತಿಳಿವಳಿಕೆ ಬರಲಿಲ್ಲ.

19ನೆಯ ಶತಮಾನದ ಉತ್ತರಾರ್ಧದಲ್ಲಿ ಕಾರ್ಖಾನೆಯ ರಾಸಾಯನಿಕ ಬಣ್ಣಗಳು ಬಂದಾಗ ಕೊಚಿನೀಲಿನ ಪೇಟೆ ಕುಸಿಯಿತು. ತೆಯೊತಿತ್ಲಾನಿನಲ್ಲಿಯೂ ಅಗ್ಗದ ಬಣ್ಣ ಮನೆಮನೆಗೆ ಬಂತು. ಆದರೂ ಕೆಲವು ಕುಟುಂಬಗಳು ಹಳೆಯ ವಿಧಾನವನ್ನು ಕೈಬಿಡಲಿಲ್ಲ; ಮತ್ತೆ ಕೆಲವು ಅದನ್ನು ಹೊಸದಾಗಿ ಕಲಿತವು. ಹಳದಿಗೆ ಬೆಟ್ಟದ ಬಂಡೆಗಳ ಮೇಲಿನ ಕಲ್ಲುಹೂವು ಮತ್ತು ಪೆರಿಕೋನ್ ಎಂಬ ಕಾಡುಗಿಡದ ಹೂವು ಒದಗುತ್ತವೆ. ಪೆರಿಕೋನ್ ಚೆಂಡುಹೂವಿನ ಬಳಗಕ್ಕೆ ಸೇರಿದ್ದು. ಕಂದು ಬಣ್ಣಕ್ಕೆ ಅಕ್ರೋಟಿನ ಸಿಪ್ಪೆ ಇದೆ. ನೀಲಿಗೆ ನೀಲಿಗಿಡವೇ ಆಗಬೇಕು. ಸ್ಪ್ಯಾನಿಷಿನಲ್ಲಿ ಅದಕ್ಕೆ ಅನ್ಯೀಲ್ ಎನ್ನುತ್ತಾರೆ. ಆ ಪದ ಸ್ಪೇನಿಗೆ ಹೋದದ್ದು ಅರಬ್ಬಿಯಿಂದ. ಅರಬ್ಬಿಗೆ ಪಾರಸಿಯ ಮೂಲಕ ಹೋದದ್ದು ಸಂಸ್ಕೃತದಿಂದ. ಕನ್ನಡದ ಮಗು 'ನೀಲಿ' ಎಂದರೆ, ತೆಯೊತಿತ್ಲಾನಿನ ಮಗು 'ಅನ್ಯೀಲ್' ಎಂದರೆ, ಎರಡರ ಬೇರೂ ಒಂದೇ.

ಇಗರ್ಜಿಯ ಗೋಡೆಯಲ್ಲಿ ಹಳೆಯ ಕಲ್ಲು

ಊರಿನ ನಡುವೆ ಬಿಳಿಯ ಇಗರ್ಜಿ ನಿಂತಿದೆ. 1581ರಲ್ಲಿ ಆರಂಭವಾದ ಇದರ ಕಟ್ಟಡ ಮುಗಿದದ್ದು 1758ರಲ್ಲಿ. ಅದರ ಗೋಡೆಯನ್ನು ಹತ್ತಿರ ಹೋಗಿ ನೋಡಬೇಕು. ಗಾರೆಯ ನಡುವೆ ಅಲ್ಲಲ್ಲಿ ಝಪೊಟೆಕ್ ಶಿಲ್ಪಿಗಳು ಕೆತ್ತಿದ ಕಲ್ಲುಗಳು ಕಾಣುತ್ತವೆ. ಹಳೆಯ ದೇಗುಲವನ್ನು ಕೆಡವಿ ಅದೇ ಕಲ್ಲಿನಿಂದ ಹೊಸ ಇಗರ್ಜಿಯನ್ನು ಕಟ್ಟಿದ ಕಾಲದ ಗುರುತು ಅದು. ಇಗರ್ಜಿಯ ಹಿಂದೆ ಆ ಹಳೆಯ ದೇಗುಲದ ಜಗತಿಯ ಭಾಗವನ್ನು ಅಗೆದು ತೆರೆದಿಟ್ಟಿದ್ದಾರೆ. ಊರಿನವರು ಇಗರ್ಜಿಯನ್ನು ಭಕ್ತಿಯಿಂದ ನಡೆಸುತ್ತಾರೆ. ಹಳೆಯ ಕಲ್ಲನ್ನೂ ಹೆಮ್ಮೆಯಿಂದ ತೋರಿಸುತ್ತಾರೆ.

ಜುಲೈ ತಿಂಗಳ ಜಾತ್ರೆಯ ದಿನಗಳಲ್ಲಿ ಬಂದವರಿಗೆ ಇಗರ್ಜಿಯ ಅಂಗಳದಲ್ಲಿ ಗರಿಯ ಕುಣಿತ ಕಾಣಸಿಗುತ್ತದೆ. ತಲೆಯ ಮೇಲೆ ದುಂಡನೆಯ ದೊಡ್ಡ ಗರಿಮುಕುಟ ಧರಿಸಿದ ತರುಣರು ಆಜ್ಟೆಕ್ ಅರಸ ಮೊಕ್ತೆಸೂಮ ಮತ್ತು ಸ್ಪೇನಿನ ಕೊರ್ತೇಸರ ಮುಖಾಮುಖಿಯನ್ನು ಗಂಟೆಗಟ್ಟಲೆ ಕುಣಿದು ತೋರಿಸುತ್ತಾರೆ. ಇದು ಹಣಕ್ಕಾಗಿ ಕಟ್ಟಿದ ಮೇಳವಲ್ಲ. ಕುಣಿಯುವವರು ಮೂರು ವರ್ಷಗಳ ಹರಕೆ ಹೊತ್ತು ಬಂದವರು.

ಪೇಟೆಚೌಕದ ಬಳಿಯ ವಸ್ತುಸಂಗ್ರಹಾಲಯವನ್ನು ನೋಡದೆ ಹಿಂತಿರುಗಬಾರದು. 1995ರಲ್ಲಿ ಆರಂಭವಾದ ಇದನ್ನು ಸ್ಥಾಪಿಸಿದವರು ಊರಿನವರೇ. ಅದರ ಹೆಸರೂ ಝಪೊಟೆಕ್ ಭಾಷೆಯದೇ. ಅಗೆತದಲ್ಲಿ ಸಿಕ್ಕಿದ ವಿಗ್ರಹಗಳು, ಮಗ್ಗದ ಬೆಳವಣಿಗೆ, ಮದುವೆಯ ಪದ್ಧತಿ ಇವನ್ನು ಊರು ತನ್ನ ಕಣ್ಣಿನಿಂದಲೇ ಅಲ್ಲಿ ಜೋಡಿಸಿಟ್ಟಿದೆ. ಇಂಥ ಸಮುದಾಯ ಸಂಗ್ರಹಾಲಯಗಳಿಗೆ ಮೊದಲ ಮಾದರಿ ಪಕ್ಕದ ಸಾಂತಾ ಆನಾ ದೆಲ್ ವಾಯೆ ಎಂಬ ಇನ್ನೂ ಚಿಕ್ಕ ನೇಕಾರರ ಊರು. ಅಲ್ಲಿ 1986ರಲ್ಲಿಯೇ ಶಾನ್-ದಾನಿ ಎಂಬ ಸಂಗ್ರಹಾಲಯ ತೆರೆಯಿತು. ಹೆಸರಿನ ಅರ್ಥ 'ಬೆಟ್ಟದ ಬುಡ'. ಚೌಕವನ್ನು ಸರಿಪಡಿಸಲು ಅಗೆದಾಗ ಹಳೆಯ ಸಮಾಧಿಗಳು ಸಿಕ್ಕವು. ಸಿಕ್ಕಿದ್ದನ್ನು ದೂರದ ನಗರಕ್ಕೆ ಕಳುಹಿಸದೆ ತಮ್ಮಲ್ಲೇ ಇಟ್ಟುಕೊಳ್ಳಬೇಕೆಂದು ಊರು ಹಟ ಹಿಡಿಯಿತು.

ಮೇಣದ ಹೂವು, ಮುಯ್ಯಿಯ ಲೆಕ್ಕ

ನೇಯ್ಗೆಯ ಹೆಸರಿನ ಕೆಳಗೆ ಮರೆಯಾದ ಇನ್ನೊಂದು ಕಸುಬು ಇಲ್ಲಿದೆ. ಅದು ಜೇನುಮೇಣದ ಬತ್ತಿ. ಇದನ್ನು ಮಾಡುವವರು ಹೆಚ್ಚಾಗಿ ಹೆಂಗಸರು. ಒಂದು ಬಳೆಗೆ ಹಲವು ಬತ್ತಿಗಳನ್ನು ತೂಗುಹಾಕಿ, ಕರಗಿದ ಮೇಣವನ್ನು ಮೇಲಿನಿಂದ ಮತ್ತೆ ಮತ್ತೆ ಸುರಿಯುತ್ತಾ ದಪ್ಪಮಾಡುತ್ತಾರೆ. ಬಳಿಕ ಮರದ ಅಚ್ಚುಗಳನ್ನು ಬಿಸಿ ಮೇಣದಲ್ಲೂ ತಣ್ಣೀರಿನಲ್ಲೂ ಅದ್ದಿ, ತೆಳುವಾದ ಎಸಳುಗಳನ್ನು ಬಿಡಿಸಿ, ಅವುಗಳಿಂದ ಹೂವು, ಹಣ್ಣು, ಹಕ್ಕಿಗಳನ್ನು ಮಾಡಿ ಬತ್ತಿಗೆ ಅಂಟಿಸುತ್ತಾರೆ. ಹೆಣ್ಣು ಕೇಳಲು ಹೋಗುವ ಗಂಡಿನ ಕಡೆಯವರು ಇಂಥ ಹೂಬತ್ತಿಗಳನ್ನು ಹೊತ್ತು ಬರುವುದು ಊರಿನ ಸಂಪ್ರದಾಯ. ಈ ಬತ್ತಿ ಮಾಡುವ ಮನೆಗಳಲ್ಲಿ ಒಂದು ಮುಂಜಾವನ್ನು ಕಳೆಯಬಹುದು. ಮಕ್ಕಳ ಕೈಗೂ ಒಂದು ಎಸಳು ಒಲಿಯುತ್ತದೆ.

ಮದುವೆ, ಹಬ್ಬಗಳ ಖರ್ಚು ಇಲ್ಲಿ ಒಬ್ಬರ ಹೆಗಲಿಗೆ ಬೀಳುವುದಿಲ್ಲ. ಅದಕ್ಕೆ ಗೆಲಗೆತ್ಸಾ ಎಂಬ ಪದ್ಧತಿಯಿದೆ. ಹಬ್ಬ ಮಾಡುವ ಮನೆಗೆ ನೆರೆಯವರು ಜೋಳ, ಕೋಕೋ, ಟರ್ಕಿಕೋಳಿ ಮುಂತಾದ ಪದಾರ್ಥಗಳನ್ನು ತಂದುಕೊಡುತ್ತಾರೆ. ಯಾರು ಏನು, ಎಷ್ಟು ಕೊಟ್ಟರು ಎಂಬುದನ್ನು ಪುಸ್ತಕದಲ್ಲಿ ಬರೆದಿಡಲಾಗುತ್ತದೆ. ಅವರ ಮನೆಯ ಹಬ್ಬಕ್ಕೆ ಅಷ್ಟನ್ನು ಹಿಂತಿರುಗಿಸಬೇಕು. ಕನ್ನಡದಲ್ಲಿ ಇದಕ್ಕೆ ಹೊಸ ಪದ ಹುಡುಕಬೇಕಾಗಿಲ್ಲ, ಇದು ಮುಯ್ಯಿ. ಊರ ಕೆಲಸಕ್ಕೆ ಕೂಲಿ ಪಡೆಯದೆ ದುಡಿಯುವ ತೆಕಿಯೊ ಎಂಬ ಕಟ್ಟಳೆಯೂ ಇದೆ. ಊರಿನ ಅಧಿಕಾರಿಗಳನ್ನು ಆರಿಸುವುದು ರಾಜಕೀಯ ಪಕ್ಷವಲ್ಲ, ಊರಸಭೆ. ಹೀಗೆ ಆರಿಸಲ್ಪಟ್ಟವರು ಸಂಬಳವಿಲ್ಲದೆ ಸೇವೆ ಮಾಡುತ್ತಾರೆ.

ಒಲೆಯ ಮುಂದೆ, ಸಂತೆಯ ನಡುವೆ

ಬೆಳಗಿನ ಹೊತ್ತು ಊರಿನ ಚಿಕ್ಕ ಮಾರುಕಟ್ಟೆಗೆ ಹೋಗಬೇಕು. ಬುಟ್ಟಿ ಹಿಡಿದು ಬಂದ ಹೆಂಗಸರ ಮಾತುಕತೆಯಲ್ಲಿ ಝಪೊಟೆಕ್ ಭಾಷೆಯ ಏರಿಳಿತವನ್ನು ಕಿವಿತುಂಬ ಕೇಳಬಹುದು. ಇದು ಸ್ವರಭೇದದ ಭಾಷೆ. ಒಂದೇ ಉಚ್ಚಾರವನ್ನು ಎತ್ತರಿಸಿ ಅಂದರೆ ಒಂದು ಅರ್ಥ, ತಗ್ಗಿಸಿ ಅಂದರೆ ಇನ್ನೊಂದು ಅರ್ಥ.

ಅಡುಗೆಯ ಮೂಲ ಮೆಕ್ಕೆಜೋಳ. ಅದನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ, ತೊಳೆದು, ಕಲ್ಲಿನ ಮೇಲೆ ಅರೆಯುತ್ತಾರೆ. ಸುಣ್ಣ ಹಾಕುವುದರಿಂದ ಸಿಪ್ಪೆ ಬಿಡುವುದಲ್ಲದೆ, ಜೋಳದಲ್ಲಿ ಅಡಗಿರುವ ಒಂದು ಬಿ ಜೀವಸತ್ವ ದೇಹಕ್ಕೆ ದಕ್ಕುವಂತಾಗುತ್ತದೆ. ಅರೆದ ಹಿಟ್ಟನ್ನು ತಟ್ಟಿ ಮಣ್ಣಿನ ಹೆಂಚಿನ ಮೇಲೆ ಬೇಯಿಸಿದರೆ ತೋರ್ತಿಯಾ ಎಂಬ ರೊಟ್ಟಿ ಸಿದ್ಧ. ಹಬ್ಬದ ಊಟಕ್ಕೆ ಮೋಲೆ ಎಂಬ ಗಟ್ಟಿಯಾದ ಸಾರು. ಒಣಮೆಣಸಿನಕಾಯಿ, ಬೀಜಗಳು, ಮಸಾಲೆ, ಕೋಕೋ ಇವನ್ನು ಹುರಿದು ಅರೆದು ಗಂಟೆಗಟ್ಟಲೆ ಕುದಿಸುತ್ತಾರೆ. ಸಸ್ಯಾಹಾರಿಗಳು ಮೊದಲೇ ವಿಚಾರಿಸಿಕೊಳ್ಳುವುದು ಒಳಿತು. ಮೋಲೆಗೆ ಕೋಳಿಯ ಸಾರನ್ನೂ, ಬೇಯಿಸಿದ ಅವರೆಕಾಳಿನಂಥ ಕಾಳಿಗೆ ಹಂದಿಯ ಕೊಬ್ಬನ್ನೂ ಸೇರಿಸುವುದುಂಟು. ಕುಂಬಳಹೂವು ಮತ್ತು ಗಿಣ್ಣು ತುಂಬಿದ ರೊಟ್ಟಿ, ಮುಳ್ಳು ತೆಗೆದ ಕಳ್ಳಿಯ ಪಲ್ಯ, ಜೋಳ ಮತ್ತು ಕೋಕೋ ಸೇರಿಸಿ ಮಾಡುವ ತಂಪಾದ ತೆಹಾತೆ ಎಂಬ ಪಾನೀಯ ಇವು ಸಿಗುತ್ತವೆ.

ಭಾನುವಾರವಾದರೆ ಹತ್ತಿರದ ತ್ಲಾಕೊಲೂಲಾ ಪಟ್ಟಣದ ಸಂತೆ ನೋಡಲೇಬೇಕು. ಸುತ್ತಲಿನ ಹಳ್ಳಿಗಳೆಲ್ಲ ಅಂದು ಅಲ್ಲಿ ಕೂಡುತ್ತವೆ. ಮೆಣಸಿನಕಾಯಿ, ಟೊಮೇಟೊ, ಪಪ್ಪಾಯಿ, ಸೀಬೆ, ಸಪೋಟ ಇವುಗಳ ರಾಶಿಗಳ ನಡುವೆ ನಡೆಯುವ ಭಾರತೀಯನಿಗೆ ತನ್ನ ಊರಿನ ಸಂತೆಯ ನೆನಪಾಗುತ್ತದೆ. ಇವೆಲ್ಲ ಅಮೆರಿಕ ಖಂಡದಿಂದ ಕಡಲು ದಾಟಿ ನಮ್ಮ ಹಿತ್ತಿಲಿಗೆ ಬಂದವು. ದಸರೆ, ದೀಪಾವಳಿಗೆ ಬಾಗಿಲಿಗೆ ಕಟ್ಟುವ ಚೆಂಡುಹೂವಿನ ತವರೂ ಮೆಕ್ಸಿಕೋ. ನವೆಂಬರ್ 1 ಮತ್ತು 2ರಂದು ಅಲ್ಲಿನ ಮನೆಗಳು ತೀರಿಹೋದ ಹಿರಿಯರಿಗೆ ಎಡೆಯಿಡುವಾಗ ಪೀಠವನ್ನು ಅಲಂಕರಿಸುವುದು ಇದೇ ಹೂವು.

ಮಿತ್ಲಾದ ಗೋಡೆಯಿಂದ ಜಮಖಾನೆಗೆ

ತ್ಲಾಕೊಲೂಲಾದಿಂದ ಇನ್ನೂ ಪೂರ್ವಕ್ಕೆ ಹೋದರೆ ಮಿತ್ಲಾ ಎಂಬ ಹಳೆಯ ಝಪೊಟೆಕ್ ನೆಲೆ. ಅಲ್ಲಿನ ಅರಮನೆಗಳ ಗೋಡೆಗಳಲ್ಲಿ ಸಾವಿರಾರು ಚಿಕ್ಕ ಕಲ್ಲುಗಳನ್ನು ಅಳೆದು ಕಡಿದು, ಒಂದಕ್ಕೊಂದು ಹೊಂದಿಸಿ, ಮೆಟ್ಟಿಲು ಮೆಟ್ಟಿಲಾಗಿ ಸುರುಳಿ ಸುತ್ತುವ ಚಿತ್ತಾರ ಮೂಡಿಸಿದ್ದಾರೆ. ಈ ಗೋಡೆಯನ್ನು ಕಂಡ ಮೇಲೆ ತೆಯೊತಿತ್ಲಾನಿನ ಜಮಖಾನೆ ಬೇರೆಯಾಗಿ ಕಾಣುತ್ತದೆ. ಅದೇ ಮೆಟ್ಟಿಲು, ಅದೇ ಸುರುಳಿ ಉಣ್ಣೆಯಲ್ಲಿ ಮರುಹುಟ್ಟು ಪಡೆದಿರುತ್ತವೆ. ಮಿತ್ಲಾ ಮತ್ತು ಯಾಗೂಲ್ ಸುತ್ತಲಿನ ಗವಿಗಳು 2010ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಸುಮಾರು 10,000 ವರ್ಷ ಹಳೆಯ ಕುಂಬಳಬೀಜಗಳು ಅಲ್ಲಿ ಸಿಕ್ಕಿವೆ. ಈ ಖಂಡದಲ್ಲಿ ಮನುಷ್ಯ ಗಿಡವನ್ನು ಸಾಕಿದ ಅತ್ಯಂತ ಹಳೆಯ ಸಾಕ್ಷ್ಯಗಳಲ್ಲಿ ಅದೊಂದು.

ಎಲ್ಲ ಜಮಖಾನೆಗಳಲ್ಲಿಯೂ ಮಿತ್ಲಾದ ಚಿತ್ತಾರವೇ ಇರುವುದಿಲ್ಲ. 1940ರ ದಶಕದ ಕೊನೆಯಲ್ಲಿ ಹೆದ್ದಾರಿ ಬಂದ ಮೇಲೆ, ಹೊದೆಯುವ ಕಂಬಳಿ ನೇಯುತ್ತಿದ್ದ ಊರು ಪ್ರವಾಸಿಗಳಿಗಾಗಿ ನೆಲಕ್ಕೆ ಹಾಸುವ, ಗೋಡೆಗೆ ತೂಗುವ ಜಮಖಾನೆ ನೇಯತೊಡಗಿತು. ಬಳಿಕ ಪಿಕಾಸೋ, ಮಿರೋರ ಚಿತ್ರಗಳೂ ಉಣ್ಣೆಗೆ ಇಳಿದವು. ಪೇಟೆ ಕೇಳಿದ್ದನ್ನು ನೇಯುವುದು ತಪ್ಪಲ್ಲ, ಹೊಟ್ಟೆಪಾಡು ಅದು. ಆದರೆ ಕೊಳ್ಳುವವರು ಯಾವ ಚಿತ್ತಾರ ಯಾವುದು ಎಂದು ಕೇಳಿದಾಗ ನೇಕಾರರ ಮುಖ ಅರಳುವುದನ್ನು ಗಮನಿಸಬಹುದು.

ಕೊಳ್ಳುವ ಮುನ್ನ

ಬಣ್ಣ ಗಿಡ ಹುಳಗಳದೋ ರಾಸಾಯನಿಕದ್ದೋ ಎಂದು ನೇರವಾಗಿ ಕೇಳಬೇಕು. ಎರಡನ್ನೂ ಮಾಡುವ ಮನೆಗಳಿವೆ. ಪ್ರಾಮಾಣಿಕರು ಬೇರೆ ಬೇರೆ ತೋರಿಸುತ್ತಾರೆ. ಎರಡರ ಬೆಲೆಯಲ್ಲಿ ದೊಡ್ಡ ಅಂತರವಿರುವುದು ಸಹಜ. ಜಮಖಾನೆಯನ್ನು ಮಡಿಚಿ ನೋಡಿದಾಗ ಹಾಸಿನ ದಾರ ಹಲ್ಲು ಕಿರಿಯಬಾರದು. ನೆಲದ ಮೇಲೆ ಹರಡಿದಾಗ ಅಂಚು ನೇರವಾಗಿರಬೇಕು. ಪ್ರವಾಸಿಗಳನ್ನು ಕರೆತರುವವರಿಗೆ ಮಾರಾಟದ ಮೇಲೆ ದಲಾಲಿ ಹೋಗುವುದುಂಟು. ಆದ್ದರಿಂದ ಬಸ್ಸು ನಿಂತ ಅಂಗಡಿಯಲ್ಲಿಯೇ ಮುಗಿಸದೆ ಒಳಬೀದಿಗಳ ಮನೆಗಳನ್ನೂ ನೋಡಬೇಕು. ಚೌಕಾಸಿಗೆ ಇಳಿಯುವ ಮುನ್ನ ಉಣ್ಣೆ ತೊಳೆದು, ಹಿಂಜಿ, ನೂತು, ಮೂರು ತಿಂಗಳ ಹುಳದ ಬಣ್ಣ ಹಾಕಿ, ನಿಂತು ನೇಯ್ದ ದಿನಗಳನ್ನು ಒಮ್ಮೆ ಎಣಿಸಬೇಕು. ಜನರ ಚಿತ್ರ ತೆಗೆಯುವ ಮುನ್ನ ಅನುಮತಿ ಕೇಳಬೇಕು.

ಮಳೆಗಾಲ ಸುಮಾರು ಮೇ ತಿಂಗಳ ಕೊನೆಯಿಂದ ಅಕ್ಟೋಬರ್‌ವರೆಗೆ. ಆಮೇಲಿನ ತಿಂಗಳುಗಳು ಒಣಹವೆಯವು. ಕಣಿವೆ ಎತ್ತರದಲ್ಲಿರುವುದರಿಂದ ಮುಂಜಾವು ತಂಪು, ಮಧ್ಯಾಹ್ನದ ಬಿಸಿಲು ಚುರುಕು. ಕಾಲಿನಲ್ಲಿ ಕಸುವಿದ್ದವರು ಊರಿನ ಮೇಲೆ ನಿಂತ ಪಿಕಾಚೊ ಬೆಟ್ಟವನ್ನು ಬೆಳಗ್ಗೆಯೇ ಏರಬಹುದು. ಅದು ಊರಿನವರಿಗೆ ಪವಿತ್ರ ಬೆಟ್ಟ. ಭಾರತದ ಗಡಿಯಾರಕ್ಕಿಂತ ಅಲ್ಲಿನ ಗಡಿಯಾರ 11 ಗಂಟೆ 30 ನಿಮಿಷ ಹಿಂದಿದೆ.

ಅಂಗಳದ ಮಾತು

ಮನೆಯಲ್ಲಿ ಒಂದು ನುಡಿ, ಕಚೇರಿಯಲ್ಲಿ ಇನ್ನೊಂದು ನುಡಿ ಎಂಬ ಬದುಕನ್ನು ಗಡಿನಾಡಿನ ಓದುಗರಿಗೆ ವಿವರಿಸಿ ಹೇಳಬೇಕಾಗಿಲ್ಲ. ಝಪೊಟೆಕರ ಪೂರ್ವಿಕರು ಎರಡು ಸಾವಿರ ವರ್ಷಗಳಿಗೂ ಹಿಂದೆ ಕಲ್ಲಿನ ಮೇಲೆ ಬರೆದವರು. ಅಮೆರಿಕ ಖಂಡದ ಅತ್ಯಂತ ಹಳೆಯ ಲಿಪಿಗಳಲ್ಲಿ ಅವರದೂ ಒಂದು. 1578ರಲ್ಲಿಯೇ ಹುವಾನ್ ದೆ ಕೋರ್ದೊವಾ ಎಂಬ ಪಾದ್ರಿ ಈ ಭಾಷೆಯ ನಿಘಂಟನ್ನು ಅಚ್ಚು ಹಾಕಿಸಿದ. ಮೆಕ್ಸಿಕೋದ ಹೆಸರಾಂತ ಅಧ್ಯಕ್ಷ ಬೆನಿತೊ ಹುವಾರೆಸ್ 1806ರಲ್ಲಿ ಝಪೊಟೆಕ್ ಮನೆಯಲ್ಲಿ ಹುಟ್ಟಿದವನು. ಹನ್ನೆರಡನೆಯ ವಯಸ್ಸಿನಲ್ಲಿ ವಹಾಕಾ ನಗರಕ್ಕೆ ಬಂದಾಗ ಅವನಿಗೆ ಸ್ಪ್ಯಾನಿಷ್ ತಿಳಿದಿರಲಿಲ್ಲ.

ಇಷ್ಟು ಹಳೆಯ ನುಡಿಗೆ ಶಾಲೆಯ ಬಾಗಿಲು ಬಹುಕಾಲ ಮುಚ್ಚಿತ್ತು. 20ನೆಯ ಶತಮಾನದ ಬಹುಭಾಗದಲ್ಲಿ ಮೆಕ್ಸಿಕೋದ ಶಾಲೆಗಳು ಮೂಲನಿವಾಸಿ ಮಕ್ಕಳನ್ನು ಸ್ಪ್ಯಾನಿಷಿಗೆ ತಿರುಗಿಸುವುದನ್ನೇ ಗುರಿಯಾಗಿಸಿಕೊಂಡಿದ್ದವು. ಮನೆಮಾತನ್ನಾಡಿದ ಮಕ್ಕಳನ್ನು ಶಿಕ್ಷಿಸುವುದೂ ಇತ್ತು. ಆ ಪೆಟ್ಟು ತಿಂದ ಅನೇಕ ತಂದೆತಾಯಿಗಳು ತಮ್ಮ ಮಕ್ಕಳಿಗೆ ಅದು ಬೇಡವೆಂದು ಮನೆಯಲ್ಲಿಯೂ ಸ್ಪ್ಯಾನಿಷನ್ನೇ ಆಡತೊಡಗಿದರು. 2003ರ ಕಾನೂನು ಮೂಲನಿವಾಸಿ ಭಾಷೆಗಳನ್ನೂ ಸ್ಪ್ಯಾನಿಷಿನಂತೆಯೇ ರಾಷ್ಟ್ರೀಯ ಭಾಷೆಗಳೆಂದು ಒಪ್ಪಿತು. 2020ರ ಜನಗಣತಿಯಂತೆ ಝಪೊಟೆಕ್ ಬಗೆಗಳನ್ನಾಡುವವರು ಸುಮಾರು 4 ಲಕ್ಷ 90 ಸಾವಿರ. ಆದರೆ ಒಂದು ಕಣಿವೆಯ ಝಪೊಟೆಕ್ ಇನ್ನೊಂದು ಬೆಟ್ಟದವರಿಗೆ ತಿಳಿಯದಿರುವುದುಂಟು. ಹಾಗಾಗಿ ಒಟ್ಟು ಸಂಖ್ಯೆ ದೊಡ್ಡದೆಂದು ಸಮಾಧಾನ ಪಡುವಂತಿಲ್ಲ. ಪ್ರತಿಯೊಂದು ಊರಿನ ಮಾತನ್ನು ಆ ಊರಿನ ಮಕ್ಕಳೇ ಉಳಿಸಬೇಕು.

ತೆಯೊತಿತ್ಲಾನಿನಲ್ಲಿ ಆ ಮಾತು ಇನ್ನೂ ಗಟ್ಟಿಯಾಗಿದೆ. ಅದಕ್ಕೆ ಮಗ್ಗವೂ ಒಂದು ಆಸರೆ. ಮಗ್ಗ ಮನೆಯಲ್ಲಿದ್ದರೆ ದುಡಿಮೆ ಮನೆಯಲ್ಲಿರುತ್ತದೆ. ದುಡಿಮೆ ಮನೆಯಲ್ಲಿದ್ದರೆ ಅಜ್ಜಿ, ತಾಯಿ, ಮಗು ಒಂದೇ ಅಂಗಳದಲ್ಲಿರುತ್ತಾರೆ. ಉಣ್ಣೆ ಹಿಂಜುತ್ತಾ, ಕಂಡಿಕೆ ಸುತ್ತುತ್ತಾ ಮಗು ಕಲಿಯುವುದು ಕೆಲಸವನ್ನು ಮಾತ್ರವಲ್ಲ, ಆ ಕೆಲಸದ ಹೆಸರುಗಳನ್ನೂ. ಜಮಖಾನೆಗೆ ನ್ಯಾಯವಾದ ಬೆಲೆ ಸಿಗದೆ ಮನೆಯವರು ದೂರದ ನಗರಕ್ಕೋ ಗಡಿಯಾಚೆಗೋ ಕೂಲಿಗೆ ಹೋದ ದಿನ ಮಗ್ಗ ನಿಲ್ಲುತ್ತದೆ. ಅದರೊಂದಿಗೆ ಆ ಹೆಸರುಗಳನ್ನು ಕಲಿಯುವ ಜಾಗವೂ ಇಲ್ಲವಾಗುತ್ತದೆ.

ಆದ್ದರಿಂದ ಈ ಊರಿಗೆ ಹೋದವರು ಮಾಡಬಹುದಾದ ಕೊನೆಯ ಕೆಲಸ ಬಹಳ ಸಣ್ಣದು. ಜಮಖಾನೆಯ ಬೆಲೆ ಕೇಳುವ ಮುನ್ನ, ಕೆಂಪಿಗೆ, ಕಳ್ಳಿಗೆ, ಮಗ್ಗಕ್ಕೆ ಝಪೊಟೆಕಿನಲ್ಲಿ ಏನೆನ್ನುತ್ತಾರೆ ಎಂದು ಕೇಳಬೇಕು. ಉತ್ತರ ಹೇಳುವುದು ಸಾಮಾನ್ಯವಾಗಿ ಅಲ್ಲಿಯೇ ಸುಳಿದಾಡುವ ಮಗು. ದೂರದ ದೇಶದಿಂದ ಬಂದವರು ತನ್ನ ಮನೆಮಾತಿನ ಪದವನ್ನು ತಪ್ಪುತಪ್ಪಾಗಿ ಉಚ್ಚರಿಸಿದಾಗ ಆ ಮಗು ನಕ್ಕು ತಿದ್ದುತ್ತದೆ. ಆ ಗಳಿಗೆಯಲ್ಲಿ ಮಗುವೇ ಗುರು, ಬಂದವರೇ ವಿದ್ಯಾರ್ಥಿ.